ಪಿಎಫ್ ಇಲ್ಲದವರಿಗೆ ಯಾವ ಪೆನ್ಷನ್? ಎನ್‌ಪಿಎಸ್, ಪಿಪಿಎಫ್, ಅಟಲ್ ಪೆನ್ಷನ್, ಇನ್ಶೂರೆನ್ಸ್ ಪ್ಲಾನ್

ನಿಮಗೆ 38 ವರ್ಷ, ಚಿಂಚವಾಡದಲ್ಲಿ ಸ್ವಂತ ಮೆಸ್, ಪಿಎಫ್ ಇಲ್ಲ, ಟ್ಯಾಕ್ಸ್ ಕಟ್ಟುತ್ತೀರಿ. ತಿಂಗಳಿಗೆ 8,000 ರೂಪಾಯಿ ತೆಗೆದಿಡಬಹುದು, ಆದರೆ ಏಜೆಂಟರು ಇನ್ಶೂರೆನ್ಸ್ ಪೆನ್ಷನ್ ಪ್ಲಾನ್‌ಗೆ ಸಹಿ ಹಾಕಿ ಅಂತ ಹಿಂದೆ ಬಿದ್ದಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಮುಂಬೈ ಹತ್ತಿರದ ಡೊಂಬಿವಲಿಯವನು. ಇಪ್ಪತ್ತೈದು ವರ್ಷದಿಂದ ನಮ್ಮ ಕಡೆಯವರ ಹೋಟೆಲುಗಳ ಲೆಕ್ಕ ಬರೆಯುತ್ತಿದ್ದೇನೆ.

ನಮ್ಮ ಅಪ್ಪ ಮಾಟುಂಗಾದ ಒಂದು ಹೋಟೆಲಿನ ಗಲ್ಲಾದಲ್ಲಿ 31 ವರ್ಷ ಕೂತವರು. ಪಿಎಫ್ ಇರಲಿಲ್ಲ. ಕೆಲಸ ಬಿಟ್ಟ ಮೇಲೆ ಬಿಪಿ ಮಾತ್ರೆ ಮುಗಿದರೆ ನನ್ನ ಹತ್ತಿರ ದುಡ್ಡು ಕೇಳುತ್ತಿರಲಿಲ್ಲ. ಖಾಲಿ ಸ್ಟ್ರಿಪ್ ತಂದು ನನ್ನ ಟಿಫಿನ್ ಡಬ್ಬಿಯ ಪಕ್ಕ ಇಡುತ್ತಿದ್ದರು. ಅದಕ್ಕೇ ನಿಮ್ಮ ಪ್ರಶ್ನೆ ಓದಿ ಸುಮ್ನೆ ಮುಂದೆ ಹೋಗಲು ಆಗಲಿಲ್ಲ.

ಮೊದಲು ಇನ್ಶೂರೆನ್ಸ್ ಪ್ಲಾನ್. ಬೇಡ. ನಾನು 33ನೇ ವಯಸ್ಸಿನಲ್ಲಿ ಅಂಥದ್ದೊಂದು ತಗೊಂಡಿದ್ದೆ, ವರ್ಷಕ್ಕೆ 24,000. ಎರಡು ವರ್ಷ ಕಟ್ಟಿದೆ. ಮೂರನೇ ವರ್ಷ ಮನೆಯಲ್ಲಿ ಆಪರೇಷನ್ ಆಯಿತು, ಕಂತು ತಪ್ಪಿತು. ಕೈಗೆ ಬಂದದ್ದು ಕಟ್ಟಿದ್ದರ ಅರ್ಧವೂ ಇಲ್ಲ. ನಿಮ್ಮದು ಮೆಸ್. ಮೇ ತಿಂಗಳಲ್ಲಿ ಹುಡುಗರು ಊರಿಗೆ ಹೋದರೆ ಊಟಕ್ಕೆ ಬರುವವರು ಅರ್ಧ, ಅಲ್ವಾ? ಒಂದು ತಿಂಗಳು ಕೈ ಬಿಗಿಯಾದರೂ ಕಾಯುವ ಪೆನ್ಷನ್ ನಿಮಗೆ ಬೇಕು.

ಎನ್‌ಪಿಎಸ್, ಅಂದರೆ ಸರ್ಕಾರದ ನ್ಯಾಷನಲ್ ಪೆನ್ಷನ್ ಸಿಸ್ಟಮ್, ಹಾಗೆ ಕಾಯುತ್ತದೆ. ವರ್ಷಕ್ಕೆ ಕನಿಷ್ಠ 1,000 ಹಾಕಿದರೆ ಖಾತೆ ನಡೆಯುತ್ತದೆ, ಉಳಿದದ್ದು ಕೈಗೆ ಬಂದಾಗ ಹಾಕಬಹುದು. ದುಡ್ಡಿನ ಒಂದು ಪಾಲು ಷೇರಿಗೆ ಹೋಗುತ್ತದೆ, ಹಾಗಾಗಿ ಏರಿಳಿತ ಇದೆ. ಆದರೆ ನಿಮಗಿನ್ನೂ 22 ವರ್ಷ ಇದೆ, ಹೆದರಬೇಡಿ. 60ಕ್ಕೆ ಕೂಡಿದ ದುಡ್ಡಿನ ಒಂದು ಭಾಗದಿಂದ ಆನ್ಯುಟಿ, ಅಂದರೆ ತಿಂಗಳ ಪೆನ್ಷನ್, ಕೊಳ್ಳಲೇಬೇಕು. ಮೊದಲು ಅದು 40% ಇತ್ತು. 2025ರ ಡಿಸೆಂಬರಿನಲ್ಲಿ ಸರ್ಕಾರಿ ನೌಕರರಲ್ಲದವರಿಗೆ 20%ಗೆ ಇಳಿಸಿದರು.

ಇದು ಒಳ್ಳೆಯದೇ ಆಯಿತು. ನಮ್ಮ ಅಣ್ಣ 2012ರಲ್ಲಿ 10 ಲಕ್ಷ ಕೊಟ್ಟು ಆನ್ಯುಟಿ ತಗೊಂಡ. ಆಗ ತಿಂಗಳಿಗೆ 5,800 ಬಂತು, ಇವತ್ತೂ 5,800. ಅವನ ಸೊಸೈಟಿ ಮೇಂಟೆನೆನ್ಸ್ ಮಾತ್ರ 900 ಇದ್ದದ್ದು 2,800 ಆಗಿದೆ. ಮೇಲಾಗಿ ಆ ಪೆನ್ಷನ್ ಆದಾಯದ ಲೆಕ್ಕಕ್ಕೆ ಸೇರಿ ಅದಕ್ಕೂ ಟ್ಯಾಕ್ಸ್. ಏಜೆಂಟರ ಪ್ಲಾನಿನಲ್ಲೂ ಕೊನೆಗೆ ಸಿಗುವುದು ಇದೇ ಆನ್ಯುಟಿ. 60ಕ್ಕೆ ಕೊಳ್ಳುವ ವಸ್ತುವಿಗೆ ಈಗಲೇ ಕೈ ಕಟ್ಟಿಸಿಕೊಳ್ಳುವುದು ಯಾಕೆ?

ಪಿಪಿಎಫ್ ಪೆನ್ಷನ್ ಅಲ್ಲ, ಪೋಸ್ಟ್ ಆಫೀಸಿನಲ್ಲೋ ಬ್ಯಾಂಕಿನಲ್ಲೋ ತೆರೆಯುವ ಸರ್ಕಾರಿ ಉಳಿತಾಯ ಖಾತೆ. ಆದರೆ ವ್ಯಾಪಾರಸ್ಥರಿಗೆ ನಾನು ಮೊದಲು ಹೇಳುವುದು ಅದನ್ನೇ. ಸಾಲದ ಕೇಸಿನಲ್ಲಿ ಕೋರ್ಟ್ ಕೂಡ ಆ ದುಡ್ಡನ್ನು ಜಪ್ತಿ ಮಾಡುವಂತಿಲ್ಲ. ಬಡ್ಡಿ 2020ರ ಏಪ್ರಿಲ್‌ನಿಂದ 7.1%, ಅದಕ್ಕೆ ಟ್ಯಾಕ್ಸ್ ಇಲ್ಲ. ವರ್ಷಕ್ಕೆ 1.5 ಲಕ್ಷದವರೆಗೆ ಹಾಕಬಹುದು. 15 ವರ್ಷ ಆದ ಮೇಲೆ ಐದೈದು ವರ್ಷ ಮುಂದುವರಿಸಬಹುದು. ತಿಂಗಳ 5ನೇ ತಾರೀಖಿನೊಳಗೆ ಹಾಕಿ, ಇಲ್ಲದಿದ್ದರೆ ಆ ತಿಂಗಳ ಬಡ್ಡಿ ಹೋಯಿತು.

ನಿಮ್ಮ ಜಾಗದಲ್ಲಿ ನಾನಿದ್ದರೆ 5,000 ಎನ್‌ಪಿಎಸ್‌ಗೆ, 3,000 ಪಿಪಿಎಫ್‌ಗೆ ಹಾಕುತ್ತಿದ್ದೆ. ಎನ್‌ಪಿಎಸ್‌ನಲ್ಲಿ 50,000ದ ಹೆಚ್ಚುವರಿ ಟ್ಯಾಕ್ಸ್ ರಿಯಾಯಿತಿ ಇದೆ ಅಂತ ಯಾರಾದರೂ ಹೇಳಿದರೆ, ಅದು ಹಳೆ ಟ್ಯಾಕ್ಸ್ ಪದ್ಧತಿಯಲ್ಲಿ ಇರುವವರಿಗೆ ಮಾತ್ರ.

ಅಟಲ್ ಪೆನ್ಷನ್ ಸರ್ಕಾರದ ಖಾತ್ರಿ ಪೆನ್ಷನ್ ಯೋಜನೆ, ಆದರೆ ನಿಮಗೆ ಸಿಗುವುದಿಲ್ಲ. 2022ರ ಅಕ್ಟೋಬರ್‌ನಿಂದ ಟ್ಯಾಕ್ಸ್ ಕಟ್ಟುವವರು ಸೇರುವಂತಿಲ್ಲ. ಆದರೆ ನಿಮ್ಮ ಹೆಂಡತಿಗೆ 35, ಟ್ಯಾಕ್ಸ್ ಕಟ್ಟುವುದಿಲ್ಲ ಎಂದು ಬರೆದಿದ್ದೀರಿ. ಅವರು ತಿಂಗಳಿಗೆ 902 ಕಟ್ಟಿದರೆ 60ರಿಂದ ತಿಂಗಳಿಗೆ 5,000 ಖಾತ್ರಿ. ಅವರ ನಂತರ ನೀವಿದ್ದರೆ ಅಷ್ಟೇ ಪೆನ್ಷನ್ ನಿಮಗೆ. 5,000 ಜಾಸ್ತಿ ಅಲ್ಲ, ಗೊತ್ತು. ಆದರೂ ಮಾತ್ರೆಗೆ ಕೈ ಚಾಚುವುದು ತಪ್ಪುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ನಿಮ್ಮ ಅಡುಗೆಮನೆಯಲ್ಲಿ ಕೆಲಸಕ್ಕಿರುವ ಹುಡುಗರಿಗೂ ಅಟಲ್ ಪೆನ್ಷನ್ ಸಿಗುತ್ತದೆ, 18 ತುಂಬಿ 40ರ ಒಳಗಿದ್ದು ಟ್ಯಾಕ್ಸ್ ಕಟ್ಟದವರಾದರೆ ಆಯಿತು. 25ರ ಹುಡುಗನಿಗೆ ಅದೇ 5,000 ಪೆನ್ಷನ್‌ಗೆ ತಿಂಗಳಿಗೆ 376. ಒಂದು ಮಧ್ಯಾಹ್ನ ಊಟದ ಗಿರಾಕಿ ಮುಗಿದ ಮೇಲೆ ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ. ನಮ್ಮ ಅಪ್ಪನ ಕಾಲದಲ್ಲಿ ಹಾಗೆ ಕರೆದುಕೊಂಡು ಹೋಗುವವರು ಯಾರೂ ಇರಲಿಲ್ಲ.