ಎರಡು ತಾಸಿನ ಆಸೆಗೂ ಲೆಕ್ಕ ಕೊಡಬೇಕಾ?

ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ಬಾಗಲಕೋಟೆಯಲ್ಲಿ ಪಿಎಚ್.ಡಿ. ಎರಡನೇ ವರ್ಷದಲ್ಲಿದ್ದೇನೆ. ಮೆಣಸಿನಕಾಯಿ ತಳಿಗಳ ಮೇಲೆ ಕೆಲಸ. ಬೆಳಗ್ಗೆ ಹೊಲ, ಮಧ್ಯಾಹ್ನ ಲ್ಯಾಬ್, ರಾತ್ರಿ ಎಕ್ಸೆಲ್ ಶೀಟು. ಇದರ ನಡುವೆ ಪಿಸಿಆರ್ (ಯಂತ್ರ ಡಿಎನ್‌ಎ ಪ್ರತಿ ತೆಗೆಯುವ ಕೆಲಸ) ಮುಗಿಯುವ ತನಕ ಹೊರಗಿನ ಬೆಂಚಿನ ಮೇಲೆ ಕೂತು ಕಸೂತಿ ಹಾಕುತ್ತಿದ್ದೆ, ಎರಡು ತಿಂಗಳಲ್ಲೇ ಬಿಟ್ಟೆ. ಒಂದು ಚಳಿಗಾಲ ಹಿನ್ನೀರಿಗೆ ಹಕ್ಕಿ ನೋಡಲು ಹೋದೆ, ಅದೂ ನಿಂತಿತು. ಈಗ ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿ ಹಿಡಿದಿದ್ದೇನೆ. ಯಾವುದನ್ನೂ ಪೂರ್ತಿ ಮಾಡಿಲ್ಲ ಅಂತ ನಾಚಿಕೆಯಾಗುತ್ತದೆ. ನಮ್ಮ ಗೈಡ್ "ಮೊದಲು ಥೀಸಿಸ್ ಮುಗಿಸು, ಆಮೇಲೆ ಏನು ಬೇಕಾದರೂ ಮಾಡು" ಅಂದರು. ಗೆಳತಿಯರು "ಕಸೂತಿಯದ್ದು ಇನ್‌ಸ್ಟಾಗ್ರಾಂ ಪೇಜ್ ಮಾಡು, ನಾಲ್ಕು ದುಡ್ಡಾದರೂ ಬರುತ್ತೆ" ಅನ್ನುತ್ತಾರೆ. ಯಾರ ಮಾತು ಕೇಳಲಿ?
– ಒಬ್ಬ ಓದುಗಿ, ಬಾಗಲಕೋಟೆ

ಉತ್ತರ: ಈ ತಿಂಗಳು ಬಂದ ಪತ್ರಗಳಲ್ಲಿ ನಿಮ್ಮದನ್ನು ನಾಲ್ಕು ಸಲ ಓದಿದೆ. ನಾಲ್ಕನೇ ಸಲ ಓದುವಾಗ ಸ್ವಲ್ಪ ಸಿಟ್ಟೂ ಬಂತು. ಸಿಟ್ಟು ನಿಮ್ಮ ಗೈಡ್ ಮೇಲಲ್ಲ, ನಿಮ್ಮ 'ನಾಚಿಕೆಯಾಗುತ್ತದೆ' ಅನ್ನೋ ಮಾತಿನ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ.

ಗೈಡ್ ಹೇಳಿದ್ದರಲ್ಲಿ ತಪ್ಪಿಲ್ಲ, ಅದನ್ನು ಮೊದಲೇ ಒಪ್ಪಿಬಿಡೋಣ. ಮೆಣಸಿನ ಗಿಡ ನಿಮಗಾಗಿ ಕಾಯುವುದಿಲ್ಲ. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆದಿಟ್ಟು, ಮರುದಿನ ಬೆಳಗ್ಗೆ ಪರಾಗ ಮುಟ್ಟಿಸದಿದ್ದರೆ ಆ ಹೂವು ಹೋಯ್ತು. ಹೂವಿನ ಹೊತ್ತು ತಪ್ಪಿದರೆ ಹಂಗಾಮೇ ಹೋಯ್ತು, ಹಂಗಾಮು ಹೋದರೆ ಫೆಲೋಶಿಪ್ಪಿನ ಒಂದು ವರ್ಷವೇ ಹೋದ ಹಾಗೆ. ಆ ದುಡ್ಡು ಜನರದ್ದು. ಹೊಲದ ಕೆಲಸ ಬಿಟ್ಟು ಹಕ್ಕಿ ನೋಡಲು ಹೋಗಿದ್ದರೆ ನಾನೂ ಬೈಯುತ್ತಿದ್ದೆ. ಆದರೆ ನಿಮ್ಮ ಪತ್ರದಲ್ಲಿ ಹಾಗೆ ಹೋದದ್ದು ಎಲ್ಲೂ ಕಾಣಲಿಲ್ಲ. ಪಿಸಿಆರ್ ಯಂತ್ರಕ್ಕೆ ಹಾಕಿದ ಮೇಲೆ ಎರಡು ತಾಸು ನೀವೇನು ಮಾಡಬೇಕಿತ್ತು? ಯಂತ್ರದ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತಾ? ಆ ಎರಡು ತಾಸು ಫೋನಿನಲ್ಲಿ ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಸೂಜಿ ಹಿಡಿದದ್ದು ಮಾತ್ರ ಕಣ್ಣಿಗೆ ಬಿತ್ತು.

ಈಗ 'ಆಮೇಲೆ' ಅನ್ನೋ ಮಾತು. ಇದರ ಜೊತೆ ನನಗೆ ಮೂವತ್ತು ವರ್ಷದ ಜಗಳವಿದೆ. ನನ್ನ ಗೆಳೆಯರೊಬ್ಬರು ನೀರಾವರಿಯಲ್ಲಿ ಎಂಜಿನಿಯರ್ ಆಗಿದ್ದರು. ಕಾಲೇಜಿನಲ್ಲಿ ಡೆಸ್ಕಿನ ಮೇಲೆ ಎರಡು ಬೆರಳಲ್ಲಿ ಠೇಕಾ ಹಿಡಿಯುತ್ತಿದ್ದ ಮನುಷ್ಯ. ಕೆಲಸ ಸಿಕ್ಕ ಮೇಲೆ ತಬಲಾ ಅಂದರು, ಆಮೇಲೆ ಮಗಳ ಮದುವೆಯಾದ ಮೇಲೆ ಅಂದರು, ಕೊನೆಗೆ ರಿಟೈರ್ ಆದ ಮೇಲೆ ಅಂದರು. ರಿಟೈರ್ ಆದ ತಿಂಗಳೇ ಮಿರಜಿಗೆ ಹೋಗಿ ಒಳ್ಳೆಯ ಜೋಡಿ ತಂದರು. ಅವರ ಮನೆಗೆ ಹೋದಾಗಲೆಲ್ಲ ನೋಡುತ್ತೇನೆ, ಟಿವಿ ಪಕ್ಕದಲ್ಲಿ ಹಸಿರು ಬಟ್ಟೆ ಸುತ್ತಿಕೊಂಡು ಕೂತಿದೆ. "ಕೈ ಬಗ್ಗೋದಿಲ್ಲ ಮಾರಾಯಾ" ಅಂತಾರೆ. ಕೈ ಬಗ್ಗದಿರುವುದು ಒಂದು ಕಡೆಯಾಯಿತು. ಆಸೆಯೂ ಕೂತು ಕೂತು ಮರಗಟ್ಟುತ್ತದೆ. ನಾನು ಆ ಹಸಿರು ಬಟ್ಟೆ ನೋಡಿದಾಗಲೆಲ್ಲ ಮಾತು ಬದಲಿಸುತ್ತೇನೆ, ಯಾಕಂದರೆ ಅವರಿಗೂ ಗೊತ್ತು, ನನಗೂ ಗೊತ್ತು.

ನೀವು ಮಾರ್ಕರ್ ಹಾಕಿ ಲಿಂಕೇಜ್ ಮ್ಯಾಪ್, ಅಂದರೆ ವರ್ಣತಂತುವಿನ ಮೇಲೆ ಯಾವ ಜೀನ್ ಯಾವುದರಿಂದ ಎಷ್ಟು ದೂರ ಅನ್ನೋ ನಕ್ಷೆ, ಮಾಡುವವರು ಇರಬೇಕು, ಅಲ್ವಾ? ಹಾಗಿದ್ದರೆ ಸಾಫ್ಟ್‌ವೇರಿನಲ್ಲಿ ಆ ದೂರದ ಲೆಕ್ಕಕ್ಕೆ ಹಾಲ್ಡೇನ್ ಸೂತ್ರ ಬೇಕೋ ಕೋಸಂಬಿ ಸೂತ್ರ ಬೇಕೋ ಅಂತ ಕೇಳುವುದನ್ನು ನೋಡಿರುತ್ತೀರಿ. ಹೆಚ್ಚಿನ ಹುಡುಗರು ಸುಮ್ನೆ ಕೋಸಂಬಿ ಒತ್ತಿ ಮುಂದೆ ಹೋಗುತ್ತಾರೆ. ಅದು ನಮ್ಮ ಡಿ.ಡಿ. ಕೋಸಂಬಿ. 1944ರಲ್ಲಿ ಆ ಸೂತ್ರ ಬರೆದಾಗ ಅವರು ಪುಣೆಯಲ್ಲಿ ಗಣಿತದ ಮೇಷ್ಟ್ರು. ಜೀವಶಾಸ್ತ್ರ ಅವರ ಕೆಲಸವೇ ಅಲ್ಲ. ಒಂದು ಕಡೆ ವರ್ಣತಂತು ಕತ್ತರಿಸಿ ಅದಲುಬದಲಾದರೆ ಅದರ ಹತ್ತಿರದಲ್ಲೇ ಇನ್ನೊಂದು ಕಡೆ ಹಾಗಾಗುವುದು ಕಡಿಮೆ, ಹಾಲ್ಡೇನ್ ಲೆಕ್ಕ ಇದನ್ನು ಹಿಡಿಯುವುದಿಲ್ಲ, ಕೋಸಂಬಿ ಹಿಡಿದರು. ಅದೇ ಮನುಷ್ಯ ಹಳೆಯ ಮುದ್ರೆಯೊತ್ತಿದ ಬೆಳ್ಳಿ ನಾಣ್ಯಗಳನ್ನು ಒಂದೊಂದಾಗಿ ಸಾವಿರಗಟ್ಟಲೆ ತೂಗಿದರು. ಕೈಯಿಂದ ಕೈಗೆ ಓಡಾಡಿದಷ್ಟೂ ನಾಣ್ಯ ಸವೆಯುತ್ತದೆ, ಸವೆದ ತೂಕದಿಂದ ಯಾವುದು ಹಳೆಯದು ಯಾವುದು ಹೊಸದು ಅಂತ ಹೇಳಬಹುದು ಅನ್ನುವುದು ಅವರ ಲೆಕ್ಕ. ನಾಣ್ಯ ಮಾಡಿಸಿದ ರಾಜರು ಯಾರು ಅಂತ ಹುಡುಕುತ್ತಾ ಇತಿಹಾಸಕ್ಕೆ ಹೋದರು. ಸಂಸ್ಕೃತವನ್ನೂ ಬಿಡಲಿಲ್ಲ, ಭರ್ತೃಹರಿಯ ಪದ್ಯಗಳನ್ನು ಹಸ್ತಪ್ರತಿಗಳಿಂದ ಸಂಪಾದಿಸಿದರು. 'ಮೊದಲು ಗಣಿತ ಮುಗಿಸು' ಅಂತ ಅವರಿಗೆ ಯಾರಾದರೂ ಹೇಳಿ ಅವರು ಕೇಳಿಬಿಟ್ಟಿದ್ದರೆ, ಇವತ್ತು ನಿಮ್ಮ ಸಾಫ್ಟ್‌ವೇರಿನಲ್ಲಿ ಆ ಗುಂಡಿ ಇರುತ್ತಿರಲಿಲ್ಲ.

ನಮ್ಮ ಊರಿಗೇ ಬನ್ನಿ. ಫ.ಗು. ಹಳಕಟ್ಟಿಯವರು ಹೊಟ್ಟೆಪಾಡಿಗೆ ವಕೀಲರು. 1904ರಲ್ಲಿ ಕಾನೂನು ಪಾಸು ಮಾಡಿ, ಮೊದಲು ಬೆಳಗಾವಿಯಲ್ಲಿ, ಆಮೇಲೆ ವಿಜಯಪುರದಲ್ಲಿ ವಕೀಲಿ ಮಾಡಿದರು. ಕಕ್ಷಿದಾರರ ಕಾಗದ ಬದಿಗಿಟ್ಟು ಯಾರದೋ ಮನೆಯ ಜಂತಿಗೆ ಸಿಕ್ಕಿಸಿದ ತಾಳೆಗರಿ ಕಟ್ಟು ಬಿಚ್ಚುತ್ತಾ ಕೂತರು. 1923ರಲ್ಲಿ ವಚನಗಳ ಸಂಗ್ರಹ ಹೊರಗೆ ಬಂತು. 1926ರಲ್ಲಿ 'ಶಿವಾನುಭವ' ಪತ್ರಿಕೆ. ಮುದ್ರಣಾಲಯಕ್ಕಾಗಿ ಇದ್ದ ಮನೆ ಮಾರಿದರು. ಅವರ ಆಸಕ್ತಿ ಬಂದು ಹೋಗುವಂಥದ್ದಲ್ಲ, ಜೀವಮಾನದ್ದು ಅಂತ ನೀವು ಹೇಳಬಹುದು. ನಿಜ. ಆದರೆ ಮೊದಲ ಕಟ್ಟು ಬಿಚ್ಚಿದ ದಿನ ಅದು ಎರಡು ತಿಂಗಳದ್ದೋ ನಲವತ್ತು ವರ್ಷದ್ದೋ ಅಂತ ಯಾರಿಗೆ ಗೊತ್ತಿರುತ್ತೆ? ಇಂಡಿ ಕಡೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಕೂಡಿ ಹೆಂಗಸರು ಬೀಸುವಾಗ ಹಾಡಿದ ತ್ರಿಪದಿಗಳನ್ನು ಬರೆದುಕೊಳ್ಳುತ್ತಾ ಹೋದರು, 1931ರಲ್ಲಿ ಪುಸ್ತಕವಾಯಿತು. ಆ ಹಾಡು ಹಾಡಿದ ತಾಯಂದಿರನ್ನೂ ನೆನೆಯಿರಿ. ನಸುಕಿನಲ್ಲಿ ಎದ್ದು ಜೋಳ ಬೀಸುವ ಕೆಲಸ, ಕೈ ಬಿಡುವಿಲ್ಲ, ಬಾಯಿ ಬಿಡುವಿದೆ, ಆ ಬಾಯಿಯಲ್ಲಿ ಹಾಡು. ನಿಮ್ಮ ಪಿಸಿಆರ್ ಬೆಂಚು ಅದೇ ಅಲ್ವಾ?

ಇಷ್ಟೆಲ್ಲ ದೊಡ್ಡವರ ಹೆಸರು ಹೇಳಿದ್ದು ನೀವೂ ಹಾಗೆ ಆಗಬೇಕು ಅಂತಲ್ಲ. ನನ್ನ ಕಥೆ ಕೇಳಿ, ಅದರಲ್ಲಿ ಏನೂ ಆಗಲಿಲ್ಲ. ಧಾರವಾಡದಲ್ಲಿ ಎಂ.ಎ. ಮಾಡುವಾಗ ಒಂದು ಬೇಸಿಗೆ ಬೆಳಗಾವಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಪಕ್ಕದ ಮನೆಯ ಅಜ್ಜ ಭೂಮಾಪನದಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ನೀವೀಗ ಹಿಡಿದಿರುವ ಅದೇ ಮೋಡಿಯನ್ನು ನನಗೆ ಅವರು ಹೇಳಿಕೊಟ್ಟರು. ಮುಂಬಯಿ ಪ್ರಾಂತದ ಕಾಲದ ನಮ್ಮ ಕಡೆಯ ಎಷ್ಟೋ ಜಮೀನಿನ ಕಾಗದ ಅದರಲ್ಲೇ ಇವೆ. ಅಜ್ಜ ಮೊದಲು ಕಾಗದದ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆಯುತ್ತಿದ್ದರು. ಉಸಿರು ಹಿಡಿದು, ಒಂದೇ ಎಳೆತ. ಆಮೇಲೆ ಟಾಕನ್ನು ಮಸಿಯಲ್ಲಿ ಅದ್ದಿ, ಆ ಗೆರೆಗೆ ಅಕ್ಷರಗಳನ್ನು ಒಂದಕ್ಕೊಂದು ಕೂಡಿಸುತ್ತಾ ಕೈ ಎತ್ತದೆ ಓಡಿಸುತ್ತಿದ್ದರು, ಹಗ್ಗಕ್ಕೆ ಬಟ್ಟೆ ಒಣಹಾಕಿದ ಹಾಗೆ. ನನಗೆ ಗೆರೆ ಎಳೆಯುವುದಕ್ಕೇ ಎರಡು ವಾರ ಬೇಕಾಯಿತು. ಜೂನ್‌ನಲ್ಲಿ ಕಾಲೇಜು ಶುರುವಾಯಿತು, ನಾನು ಮತ್ತೆ ಹೋಗಲಿಲ್ಲ. ಈಗ ನನಗೆ ಮೋಡಿ ಓದಲು ಬರುವುದಿಲ್ಲ. ಆದರೆ ಯಾವುದಾದರೂ ಹಳೇ ಕಾಗದ ಕಂಡರೆ ಮೊದಲು ಆ ಗೆರೆ ನೋಡುತ್ತೇನೆ, ಬರೆದವನ ಕೈ ಎಲ್ಲಿ ನಡುಗಿದೆ, ಎಲ್ಲಿ ಮಸಿ ಮುಗಿದಿದೆ ಅಂತ. ನಲವತ್ತು ವರ್ಷವಾದರೂ ಅದು ಹೋಗಿಲ್ಲ. ಆ ಬೇಸಿಗೆ ವ್ಯರ್ಥವಾಯಿತು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ.

ಅದಕ್ಕೇ ನಿಮ್ಮ ನಾಚಿಕೆ ನನಗೆ ಸೇರಲಿಲ್ಲ, ತಂಗಿ. ಒಂದು ಚಳಿಗಾಲ ಹಕ್ಕಿ ನೋಡಿದೆ, ನಿಂತಿತು ಅಂತ ಅಪರಾಧ ಮಾಡಿದವರ ಹಾಗೆ ಬರೆದಿದ್ದೀರಿ. ಹಳೇ ಬಾಗಲಕೋಟೆಯ ಒಂದು ಭಾಗ ಮುಳುಗಿದ ಆ ಆಲಮಟ್ಟಿ ಹಿನ್ನೀರಿನಲ್ಲಿ ರಾಜಹಂಸಗಳು ತಲೆ ತಲೆಕೆಳಗು ಮಾಡಿ, ಕೊಕ್ಕಿನಿಂದ ಕೆಸರುನೀರು ಸೋಸಿ ತಿನ್ನುವುದನ್ನು ನೀವು ಒಂದು ಸಲ ನೋಡಿದ್ದರೂ ಸಾಕು, ಅದನ್ನು ಪೂರ್ತಿ ಮಾಡುವುದು ಅಂದರೆ ಏನು? ಹಕ್ಕಿಗೆ ಪರೀಕ್ಷೆ ಇದೆಯಾ? ಊಟ ಮಾಡಿದ ಮೇಲೆ 'ಊಟ ಪೂರ್ತಿ ಕಲಿಯಲಿಲ್ಲ' ಅಂತ ಯಾರಾದರೂ ನಾಚುತ್ತಾರಾ?

ಗೆಳತಿಯರ ಮಾತು ನನಗೆ ಗೈಡ್ ಮಾತಿಗಿಂತ ಜಾಸ್ತಿ ಬೇಸರ ತಂದಿತು. ಅವರ ಮನಸ್ಸು ಒಳ್ಳೆಯದೇ. ಫೆಲೋಶಿಪ್ ತಡವಾಗಿ ಬರುವಾಗ ನಾಲ್ಕು ದುಡ್ಡು ಬೇಡ ಅನ್ನಲು ನಾನು ಯಾರು? ದುಡ್ಡಿಗಾಗಿ ಕಸೂತಿ ಹಾಕುವ ಹೆಣ್ಣುಮಕ್ಕಳು ನಮ್ಮ ಕಡೆ ಬಹಳ ಇದ್ದಾರೆ. ಅವರ ಕೈ ದೊಡ್ಡದು, ಅವರಿಗೆ ಕೊಡುವ ಕೂಲಿ ಸಣ್ಣದು, ಅದು ಬೇರೆಯೇ ಬರೆಯಬೇಕಾದ ವಿಷಯ. ಆದರೆ ನೀವು ಅದನ್ನು ಹಿಡಿದದ್ದು ಮಾರುವುದಕ್ಕಲ್ಲ. ಪೇಜ್ ಮಾಡಿದ ದಿನದಿಂದ ವಾರಕ್ಕೆ ಎರಡು ಫೋಟೋ ಹಾಕಬೇಕು, ಯಾರೋ ಆರ್ಡರ್ ಕೊಡುತ್ತಾರೆ, ಆ ಹುಡುಗಿ ರಾತ್ರಿ ಹನ್ನೊಂದಕ್ಕೆ 'ಅಕ್ಕಾ ಆಯ್ತಾ' ಅಂತ ಮೆಸೇಜ್ ಹಾಕುತ್ತಾಳೆ. ಇನ್ನೊಬ್ಬ ಗೈಡ್ ಸಿಕ್ಕ ಹಾಗಾಯ್ತು.

ಇದು ನಿಮ್ಮೊಬ್ಬರ ಕಥೆಯೂ ಅಲ್ಲ. ನಮ್ಮ ಓಣಿಯಲ್ಲಿ ಈಗ ಮಗು ಚಿತ್ರ ಬರೆದರೆ ಡ್ರಾಯಿಂಗ್ ಕ್ಲಾಸಿಗೆ ಹಾಕುತ್ತಾರೆ, ಕ್ಲಾಸಿಗೆ ಹಾಕಿದರೆ ಗ್ರೇಡ್ ಪರೀಕ್ಷೆ, ಪರೀಕ್ಷೆಯಾದರೆ ಸರ್ಟಿಫಿಕೇಟು, ಸರ್ಟಿಫಿಕೇಟು ಬಂದ ಮೇಲೆ ಆ ಮಗು ಬಣ್ಣ ಮುಟ್ಟುವುದಿಲ್ಲ. ಬೇಸಿಗೆ ಶಿಬಿರಕ್ಕೂ ಬಹುಮಾನ ಬೇಕು. ಬೆಳಗ್ಗೆ ಗೋಳಗುಮ್ಮಟದ ತೋಟದಲ್ಲಿ ತಿರುಗಾಡುವಾಗ ಜನರನ್ನು ನೋಡುತ್ತೇನೆ. ಮೊದಲೆಲ್ಲ ಬಂದವರು ಮರದ ಕೆಳಗೆ ಕೂತು ಗಿಳಿ ನೋಡುತ್ತಿದ್ದರು, ಈಗ ಕೈಗಡಿಯಾರದಲ್ಲಿ ಹೆಜ್ಜೆ ನೋಡುತ್ತಾರೆ. ನಡೆಯುವುದಕ್ಕೂ ಲೆಕ್ಕ ಕೊಡಬೇಕು. 'ಏನು ಉಪಯೋಗ' ಅಂತ ಕೇಳದೆ ಮನುಷ್ಯನಿಗೆ ಅರ್ಧ ತಾಸು ಕೊಡುವ ಜಾಗ ಊರಲ್ಲಿ ಎಷ್ಟು ಉಳಿದಿವೆ, ಎಣಿಸಿ ನೋಡಿ. ಓದುವ ಕೋಣೆಗೆ ಹೋದರೆ ಎಲ್ಲರ ಮುಂದೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡು. ಆ ಹುಡುಗರ ತಪ್ಪಿಲ್ಲ, ಅವರಿಗೆ ಕೆಲಸ ಬೇಕು. ಆದರೆ ಆ ಕೋಣೆಯಲ್ಲಿ ಕಥೆ ಪುಸ್ತಕ ಹಿಡಿದು ಕೂತವನು ಈಗ ತಾನೇ ಕಳ್ಳತನ ಮಾಡಿದ ಹಾಗೆ ಅತ್ತಿತ್ತ ನೋಡುತ್ತಾನೆ. ನನಗೆ ಅದು ಸಹಿಸೋಕೆ ಆಗೋದಿಲ್ಲ.

ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ. ಹೂವಿನ ಹೊತ್ತಿನಲ್ಲಿ ಗೈಡ್ ಮಾತು ಕೇಳಿ. ಉಳಿದ ಹೊತ್ತಿನಲ್ಲಿ, ಯಂತ್ರ ತನ್ನ ಪಾಡಿಗೆ ತಾನು ತಿರುಗುವಾಗ, ನಿಮ್ಮ ಕೈ ಏನು ಕೇಳುತ್ತೆ ಅದನ್ನು ಕೊಡಿ. ಮೋಡಿ ಬೇಸರವಾದರೆ ಬಿಡಿ, ಯಾರಿಗೂ ಹೇಳಬೇಕಾಗಿಲ್ಲ. ಥೀಸಿಸ್ ಮುಗಿಯುವವರೆಗೂ ಇನ್ನೂ ನಾಲ್ಕು ಹಿಡಿದು ನಾಲ್ಕೂ ಬಿಟ್ಟರೂ ನಡೆಯುತ್ತೆ.

ಒಂದು ಮಾತ್ರ ಕೇಳಿಕೊಳ್ಳುತ್ತೇನೆ. ಎರಡು ತಿಂಗಳ ಕಸೂತಿ ಅಂದಿರಲ್ಲ, ಆ ಬಟ್ಟೆ ಇನ್ನೂ ಟ್ರಂಕಿನಲ್ಲಿ ಇರಬೇಕು, ಅರ್ಧ ಗೋಪುರವೋ ಅರ್ಧ ತೇರೋ. ಅದನ್ನು ಬಿಚ್ಚಬೇಡಿ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕಿಕೊಂಡು ಹೋಗುತ್ತಾರೆ, ಬಿಟ್ಟ ಜಾಗವನ್ನು ತಿರುಗಿ ಬರುವಾಗ ತುಂಬುತ್ತಾರೆ, ಗಂಟು ಹಾಕುವುದಿಲ್ಲ. ನೀವು ಹೋಗುವಾಗಿನ ಸಾಲಿನಲ್ಲೇ ಸೂಜಿ ಇಟ್ಟು ಎದ್ದಿರಬಹುದು. ನಮ್ಮ ಮನೆಯವರಿಗೆ ಗವಂತಿ, ಮುರಗಿ, ನೇಯ್ಗೆ, ಮೆಂತೆ ನಾಲ್ಕೂ ಬರುತ್ತವೆ, ಅವರ ಅಮ್ಮನಿಂದ ಬಂದದ್ದು. ಕೆಲಸದ ಮೇಲೆ ವಿಜಯಪುರಕ್ಕೆ ಬಂದಾಗ ಆ ಬಟ್ಟೆ ತನ್ನಿ. ಎಳೆ ಎಣಿಸುವಾಗ ಎಲ್ಲಿ ತಪ್ಪಿದೆ ಅಂತ ಅವರು ನೋಡುತ್ತಾರೆ, ನಾನು ಚಹಾ ಮಾಡುತ್ತೇನೆ.
– ಸಂಪಾದಕ