ಚಿತ್ರಪುಸ್ತಕಗಳಲ್ಲಿರುವ ಕಿತ್ತೂರು ಚೆನ್ನಮ್ಮನ ಮುಖ ನಿಜವಾದದ್ದೇ? ಹಾಗಿದ್ದರೆ ಎಲ್ಲ ಪುಸ್ತಕಗಳಲ್ಲೂ ಒಂದೇ ರೀತಿ ಏಕಿದೆ?

ಅದು ಕಲಾವಿದರ ಕಲ್ಪನೆಯ ಮುಖ. ಛಾಯಾಚಿತ್ರ ತೆಗೆಯುವ ವಿಧಾನ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು ಅದಕ್ಕೂ ಹತ್ತು ವರ್ಷ ಮೊದಲು, 1829ರಲ್ಲಿ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಚಿತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಒಂದೇ ರೀತಿ ಕಾಣುವುದಕ್ಕೆ ಕಾರಣ, ಹೊಸ ಚಿತ್ರಕಾರ ಹಳೆಯ ಚಿತ್ರವನ್ನೇ ಮುಂದಿಟ್ಟುಕೊಂಡು ಬರೆಯುವುದು. ಮಗು ಪುಟ ತಿರುಗಿಸಿದ ಕೂಡಲೇ ‘ಇವಳೇ ಚೆನ್ನಮ್ಮ’ ಎನ್ನಬೇಕಲ್ಲವೇ? ಅದಕ್ಕಾಗಿ ಕುದುರೆ, ಎತ್ತಿದ ಕತ್ತಿ, ಕಚ್ಚೆ ಹಾಕಿ ಉಟ್ಟ ಸೀರೆ ಇವೆಲ್ಲ ಗುರುತುಗಳಾಗಿ ಉಳಿದವು. ಬೆಳಗಾವಿಯ ಚೆನ್ನಮ್ಮ ವೃತ್ತದಲ್ಲಿ ಕುದುರೆಯೇರಿದ ಪ್ರತಿಮೆಯನ್ನು ದಿನವೂ ನೋಡುವವರಿಗೆ ಬೇರೆ ರೂಪ ಒಪ್ಪಿಗೆಯಾಗುವುದೂ ಕಷ್ಟ.

ಕಲ್ಪನೆಯನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ವಯಸ್ಸಿನ ವಿಷಯದಲ್ಲಿ ನನಗೆ ಬೇಸರವಿದೆ. ಕಾಕತಿಯಲ್ಲಿ 1778ರಲ್ಲಿ ಹುಟ್ಟಿದ ಆಕೆಗೆ, ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಹತನಾದ 1824ರ ಅಕ್ಟೋಬರ್ 23ರಂದು ನಲವತ್ತಾರರ ಆಸುಪಾಸು. ಪತಿ ಮಲ್ಲಸರ್ಜ ತೀರಿಕೊಂಡು ವರ್ಷಗಳೇ ಕಳೆದಿದ್ದವು. ಪುಸ್ತಕಗಳಲ್ಲಿ ಮಾತ್ರ ಇಪ್ಪತ್ತೈದರ ತರುಣಿ! ಸಂಸ್ಥಾನದ ಹೊಣೆ ಹೊತ್ತ ನಡುವಯಸ್ಸಿನ ಆ ಹೆಂಗಸಿನ ಮುಖವನ್ನು ಬರೆದರೆ ಆಕೆಯ ಧೈರ್ಯ ಮಕ್ಕಳಿಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಮಕ್ಕಳಿಗೆ ಪುಸ್ತಕ ಕೊಡಿಸುವವರು ಒಮ್ಮೆ ಕಿತ್ತೂರಿಗೂ ಕರೆದುಕೊಂಡು ಹೋಗಿ. ಅಲ್ಲಿನ ಅರಮನೆಯ ಪಾಳುಗೋಡೆಗಳು ಯಾರ ಕಲ್ಪನೆಯೂ ಅಲ್ಲ.