ಕಿಟಕಿಯ ಮೇಲೆ ಗಾರೆಯ ಕಲೆ: ಆನೊಡೈಸಿಂಗ್ ಎಲ್ಲಿ ಸೋಲುತ್ತದೆ?

ಪ್ರಶ್ನೆ: ರಾಜಾಜಿನಗರದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಕಂದು ಬಣ್ಣದ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಕಿಟಕಿಗಳನ್ನು ಕೂರಿಸಿದ ಮೇಲೆ ಹೊರಗೋಡೆಗೆ ಗಾರೆ ಮಾಡಿಸಿದೆವು. ಈಗ ಚೌಕಟ್ಟಿನ ಮೇಲೆ ಬಿಳಿ ಕಲೆಗಳಿವೆ, ತೊಳೆದರೂ ಹೋಗುತ್ತಿಲ್ಲ. ಅಂಗಡಿಯವರು ‘ಇದು ಸುಲಿಯುವುದೇ ಇಲ್ಲ’ ಎಂದಿದ್ದರು. ಮೋಸ ಹೋದೆವೇ? ಪಾಲಿಶ್ ಮಾಡಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಮೋಸವೇನೂ ಆಗಿಲ್ಲ. ಆನೊಡೈಸಿಂಗ್ ನಿಜಕ್ಕೂ ಸುಲಿಯುವುದಿಲ್ಲ, ಏಕೆಂದರೆ ಅದನ್ನು ಯಾರೂ ಬಳಿದಿರುವುದಿಲ್ಲ. ಅಲ್ಯೂಮಿನಿಯಂ ಗಾಳಿಗೆ ಒಡ್ಡಿಕೊಂಡ ಕೂಡಲೇ ತನ್ನ ಮೇಲೆ ತಾನೇ ಆಕ್ಸೈಡಿನ ಪೊರೆ ಹೊದೆಯುತ್ತದೆ. ಆದರೆ ಅದರ ದಪ್ಪ ಕೆಲವೇ ನ್ಯಾನೊಮೀಟರ್. ಕಾರ್ಖಾನೆಯಲ್ಲಿ ಲೋಹವನ್ನು ಗಂಧಕಾಮ್ಲದ ತೊಟ್ಟಿಯಲ್ಲಿ ಇಳಿಬಿಟ್ಟು, ವಿದ್ಯುತ್ತಿನ ಧನ ತುದಿಗೆ ಜೋಡಿಸಿ, ಸುಮಾರು 20 ಡಿಗ್ರಿ ಶಾಖದಲ್ಲಿ ಅದೇ ಪೊರೆಯನ್ನು 10ರಿಂದ 25 ಮೈಕ್ರಾನ್‌ವರೆಗೆ (ಒಂದು ಮೈಕ್ರಾನ್ ಎಂದರೆ ಸಾವಿರ ನ್ಯಾನೊಮೀಟರ್) ಬೆಳೆಸುತ್ತಾರೆ. ಇದೇ ಆನೊಡೈಸಿಂಗ್. ಅದರ ಸುಮಾರು ಮೂರರಲ್ಲಿ ಎರಡು ಪಾಲು ಲೋಹದ ಒಳಕ್ಕೇ ಬೆಳೆಯುತ್ತದೆ. ಬೇರು ಬಿಟ್ಟದ್ದು ಸುಲಿಯುವುದಾದರೂ ಹೇಗೆ?

ಹೀಗೆ ಬೆಳೆದ ಪೊರೆಯ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಕಂದು ಬಣ್ಣಕ್ಕೆ ಹೆಚ್ಚಾಗಿ ತವರದ ಲವಣ ಬಳಸುತ್ತಾರೆ. ತವರ ರಂಧ್ರಗಳ ತಳದಲ್ಲಿ ಕೂರುವುದರಿಂದ ಬಿಸಿಲಿಗೆ ಮಾಸುವುದಿಲ್ಲ. ಕೊನೆಗೆ ಕುದಿಯುವ ನೀರಿನಲ್ಲೋ ರಾಸಾಯನಿಕದಲ್ಲೋ ಅದ್ದಿ ರಂಧ್ರಗಳ ಬಾಯಿ ಮುಚ್ಚುತ್ತಾರೆ. ಇದನ್ನು ಸೀಲಿಂಗ್ ಎನ್ನುತ್ತಾರೆ. ಸೀಲಿಂಗ್ ಅರೆಬರೆಯಾದರೆ ಉಳಿದ ಕೆಲಸವೆಲ್ಲ ನೀರುಪಾಲು.

ಪೀಣ್ಯದ ಕಾರ್ಖಾನೆಗಳಲ್ಲಿ ಹೊಸದಾಗಿ ಕೆಲಸಕ್ಕೆ ಬಂದ ಹುಡುಗರಿಗೆ ನಾನು ಮೊದಲು ತೋರಿಸುವುದು ವಿದ್ಯುತ್ ಹರಿದರೆ ಸದ್ದು ಮಾಡುವ ಮಲ್ಟಿಮೀಟರನ್ನು. ತೊಟ್ಟಿಯಲ್ಲಿ ನೇತುಹಾಕಿದಾಗ ಕ್ಲಿಪ್ಪು ಕಚ್ಚಿದ ಜಾಗದಲ್ಲಿ ಚಿಕ್ಕ ಬೆಳ್ಳಿ ಗುರುತು ಉಳಿದಿರುತ್ತದೆ. ಎರಡು ಗುರುತುಗಳ ಮೇಲೆ ಮೀಟರಿನ ಎರಡು ತುದಿ ಮುಟ್ಟಿಸಿದರೆ ಮೀಟರು ಕೂಗುತ್ತದೆ. ಒಂದು ತುದಿಯನ್ನು ಬೆರಳಗಲ ಪಕ್ಕಕ್ಕೆ ಸರಿಸಿದರೆ ಸದ್ದಿಲ್ಲ, ಏಕೆಂದರೆ ಆಕ್ಸೈಡಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಬರಿ ಕಣ್ಣಿಗೆ ಕಾಣದ ಪೊರೆಯನ್ನು ನಂಬಲು ಅಷ್ಟು ಸಾಕು.

ಇಷ್ಟು ಗಟ್ಟಿ ಪೊರೆಗೂ ಕ್ಷಾರವೆಂದರೆ ಆಗದು. ಆಮ್ಲ-ಕ್ಷಾರಗಳ ಅಳತೆಯಾದ ಪಿಎಚ್‌ನಲ್ಲಿ (7 ನಡುಮಟ್ಟ, ಮೇಲೇರಿದಷ್ಟೂ ಕ್ಷಾರ) ಅದರ ಸಹನೆ 4ರಿಂದ 8.5ರವರೆಗೆ ಮಾತ್ರ. ಹಸಿ ಸಿಮೆಂಟಿನ ಪಿಎಚ್ 12ಕ್ಕೂ ಮೇಲೆ. ಚೌಕಟ್ಟಿಗೆ ಸಿಡಿದ ಗಾರೆ ಒಣಗುವಷ್ಟರಲ್ಲಿ ಪೊರೆಯನ್ನು ಕರಗಿಸಿರುತ್ತದೆ.

ಮೊದಲು ಸೌಮ್ಯ ಸೋಪಿನ ನೀರು, ಮೆತ್ತನೆಯ ಬಟ್ಟೆಯಿಂದ ಒರೆಸಿ ನೋಡಿ. ಮೇಲೆ ಕೂತ ಸುಣ್ಣವಾದರೆ ಸ್ವಲ್ಪವಾದರೂ ಬಿಡುತ್ತದೆ. ಬಚ್ಚಲಿಗೆ ಹಾಕುವ ಆಸಿಡ್, ವಾಷಿಂಗ್ ಸೋಡಾ, ಸ್ಟೀಲ್ ನಾರು ಇವನ್ನು ದಯವಿಟ್ಟು ಹತ್ತಿರಕ್ಕೂ ತರಬೇಡಿ. ಒರೆಸಿದ ಮೇಲೂ ಕಲೆ ಒರಟಾಗಿ ಉಳಿದರೆ ಪೊರೆಯೇ ಹೋಗಿದೆ ಎಂದು ತಿಳಿಯಿರಿ. ಪಾಲಿಶ್ ನಾಲ್ಕು ದಿನ ಹೊಳಪು ಕೊಟ್ಟೀತು, ಪೊರೆಯನ್ನು ತರಲಾರದು. ಕೂರಿಸಿದ ಜಾಗದಲ್ಲೇ ಮತ್ತೆ ಆನೊಡೈಸ್ ಮಾಡಲೂ ಬರುವುದಿಲ್ಲ. ಕಣ್ಣಿಗೆ ರಾಚುವ ಪಟ್ಟಿಯೊಂದನ್ನು ಬದಲಿಸುವುದು ಬಿಚ್ಚಿ ಕಾರ್ಖಾನೆಗೆ ಸಾಗಿಸುವುದಕ್ಕಿಂತ ಅಗ್ಗ.

ಇನ್ನೂ ಕೂರಿಸದ ಕಿಟಕಿಗಳಿದ್ದರೆ ಗಾರೆ ಮುಗಿಯುವವರೆಗೆ ತಡೆಯಿರಿ. ಆಗದಿದ್ದರೆ ಚೌಕಟ್ಟಿಗೆ ಪೂರ್ತಿ ಟೇಪು ಸುತ್ತಿಸಿ, ಕೆಲಸ ಮುಗಿದ ವಾರದಲ್ಲೇ ತೆಗೆಸಿ. ಸಿಡಿದ ಗಾರೆಯನ್ನು ಹಸಿಯಿರುವಾಗಲೇ ನೀರು ಹಾಕಿ ತೊಳೆಯುವಂತೆ ಮೇಸ್ತ್ರಿಗೆ ಹೇಳಿಡಿ.